ಉಡಿ ತುಂಬುವ ಪದ

ಉಪಕಾರ ಮಾಡಲು ಹೊರಟವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅಂಜಿಕೆ. ನಮ್ಮ ಶಾಲೆಯಲ್ಲಿ ಅಂಥವರಿಗೆ ಬರವಿಲ್ಲ. ಚಿತ್ತಾಪುರದ ಕಡೆಯ ಹೆಣ್ಣುಮಕ್ಕಳ ಹೈಸ್ಕೂಲು ನಮ್ಮದು. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ, ಸಾಂಸ್ಕೃತಿಕ ಸಂಘದ ಉಸ್ತುವಾರಿಯೂ ನನ್ನ ಕೊರಳಿಗೇ ಬಿದ್ದಿದೆ. ವಾಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವರ್ಷಕ್ಕೊಮ್ಮೆ ಯಾರಾದರೊಬ್ಬರು ದೊಡ್ಡ ಮನುಷ್ಯರು ಬಂದು ಬಡ ಹುಡುಗಿಯರಿಗೆ ನೋಟ್‌ಬುಕ್ ಹಂಚುತ್ತಾರೆ. ಸುಮ್ಮನೆ ಕೊಟ್ಟು ಹೋಗುವುದಿಲ್ಲ. ನೋಟ್‌ಬುಕ್ಕಿನ ಒಂದು ತುದಿ ಹುಡುಗಿ ಹಿಡಿಯಬೇಕು, ಇನ್ನೊಂದು ತುದಿ ಅವರು ಹಿಡಿಯಬೇಕು, ಫೋಟೊದವನು ‘ಆತು’ ಅನ್ನುವ ತನಕ ಇಬ್ಬರೂ ಬಿಡುವ ಹಾಗಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಆ ಹುಡುಗಿಯರ ಮುಖ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಸಂಘದ ಹುಡುಗಿಯರಿಗೂ ಈ ಫೋಟೊ ಹಂಚಿಕೆ ಕಂಡರೆ ಆಗುತ್ತಿರಲಿಲ್ಲ. ಆ ವರ್ಷ ಅಧ್ಯಕ್ಷೆಯಾಗಿದ್ದವಳು ಹತ್ತನೇ ಕ್ಲಾಸಿನವಳು, ಬಜಾರದ ಕಿರಾಣಿ ಅಂಗಡಿಯವರ ಮಗಳು. ಬಾಯಿ ಜೋರು, ಮನಸ್ಸು ಮೆತ್ತಗೆ. ನಾಟಕದಲ್ಲಿ ಯಾವ ಪಾತ್ರ ಕೊಟ್ಟರೂ ತನ್ನ ತಂದೆಯ ಗತ್ತಿನಲ್ಲೇ ಮಾತಾಡುತ್ತಿದ್ದಳು. ಕುಣಿಯುವವರು, ಕೋಲಾಟದವರು ಬೇಕಾದಷ್ಟಿದ್ದರು. ನಿಜವಾಗಿ ಹಾಡಬಲ್ಲವಳು ಮಾತ್ರ ಒಬ್ಬಳೇ, ಕಾಗಿಣಾ ಹೊಳೆಯ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ. ಹಿಂದೆ ದೋಣಿ ಹಾಕಿ, ಮೀನು ಹಿಡಿದು ಬದುಕಿದ ಮನೆತನ ಅವರದು. ತಂದೆ ಕಾಮಾಲೆಯಾಗಿ ತೀರಿಕೊಂಡ ಮೇಲೆ ತಾಯಿ ದಾಲ್ ಮಿಲ್ಲಿಗೆ ಬೇಳೆ ಹಸನು ಮಾಡುವ ಕೂಲಿಗೆ ಹೋಗುತ್ತಿದ್ದಳು. ಮಾತಾಡು ಅಂದರೆ ಈ ಹುಡುಗಿ ನೆಲ ನೋಡುತ್ತಿದ್ದಳು, ಹಾಡು ಅಂದರೆ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಗಿಣಾ ಏರಿತು. ಸೇತುವೆ ಮುಳುಗಿ ಬಸ್ಸುಗಳು ನಿಂತವು. ಕಾಳಗಿ ಕಡೆಯಿಂದ ಬರುವ ಟೀಚರುಗಳಿಗೆ ಶಾಲೆಗೆ ಬರಲಾಗಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ದಂಡೆಯ ಮಣ್ಣಿನ ಗೋಡೆಗಳೆಲ್ಲ ಕುಸಿದು ಕೂತಿದ್ದವು. ನಮ್ಮ ಹಾಡುವ ಹುಡುಗಿಯ ಮನೆಯ ಹಿಂದಿನ ಗೋಡೆಯೂ ಬಿದ್ದಿತ್ತು. ತಾಯಿ ಮಗಳಿಬ್ಬರೂ ಊರಿನ ಸಮುದಾಯ ಭವನದಲ್ಲಿ ತೆರೆದಿದ್ದ ಗಂಜಿ ಕೇಂದ್ರ ಸೇರಿದರು. ಹುಡುಗಿ ಯಾರದೋ ಯೂನಿಫಾರ್ಮ್ ತೊಟ್ಟುಕೊಂಡು ಶಾಲೆಗೆ ಬಂದಳು. ತೋಳು ಉದ್ದವಾಗಿದ್ದರಿಂದ ಎರಡು ಮಡಿಕೆ ಮಡಿಚಿಕೊಂಡಿದ್ದಳು.

ಸಂಘದವರು ಒಂದು ಶನಿವಾರ ಕಾರ್ಯಕ್ರಮ ಇಟ್ಟರು. ಟಿಕೆಟ್ಟಿನ ಬದಲು ಒಂದು ಡಬ್ಬಿ ತೊಗರಿಬೇಳೆ ಇಲ್ಲವೇ ಅಕ್ಕಿ ತರಬೇಕು, ಬಟ್ಟೆ ತಂದರೂ ಆದೀತು ಎಂದು ಡಂಗುರ ಸಾರಿದ ಹಾಗೆ ಊರೆಲ್ಲ ಹೇಳಿ ಬಂದರು. ಕೋಲಾಟವಾಯಿತು, ಹುಡುಗಿಯರೇ ಬರೆದ ನಗೆನಾಟಕವೂ ಆಯಿತು. ನಾಟಕದಲ್ಲಿ ಒಬ್ಬಳ ಮೀಸೆ ಅರ್ಧಕ್ಕೇ ಉದುರಿ, ನಗು ಬರೆದದ್ದಕ್ಕಿಂತ ಹೆಚ್ಚಾಯಿತು. ಬೇಳೆ ಅಕ್ಕಿ ಚೀಲಗಟ್ಟಲೆ ಬಂದವು. ಲ್ಯಾಬಿನ ಮೇಜಿನ ಮೇಲೆ ಸೀರೆಗಳ ಗುಡ್ಡೆ ಬಿತ್ತು. ಇಷ್ಟರವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

ಇದನ್ನು ಕೊಡುವುದು ಹೇಗೆ ಎಂದು ಸಂಘದ ಸಭೆ ಕೂತಾಗ ಅಧ್ಯಕ್ಷೆ ಎದ್ದು ನಿಂತಳು.

“ಟೀಚರ್, ದಾನ ಅಂತ ಕೊಡೋದು ಬ್ಯಾಡ್ರಿ. ಆ ಫೋಟೊ ಗೀಟೊ ಏನೂ ಬ್ಯಾಡ. ಹೊಳಿ ದಂಡಿ ಹೆಣ್ಮಕ್ಕಳು ಎಲ್ಲಾರೂ ನಮ್ಮ ಅಕ್ಕತಂಗ್ಯಾರು ಅನ್ಕೊಂಡು, ತವರಮನ್ಯಾಗ ಕೊಟ್ಟಂಗ ಉಡಿ ತುಂಬಿ ಕಳಸೋಣ್ರಿ. ತವರಿಂದ ತಗೋಳಾಕ ಯಾರಿಗೆ ನಾಚಿಕಿ ಆಗ್ತದ್ರಿ?”

ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಉಡಿ ತುಂಬುವಾಗಿನ ಪದವನ್ನು ನಮ್ಮ ಹಾಡುವ ಹುಡುಗಿಯೇ ಹಾಡಬೇಕೆಂದೂ ಅಲ್ಲೇ ಗೊತ್ತುಮಾಡಿದರು. ಉಡಿ ತುಂಬುವುದೆಂದರೆ ನಮ್ಮಲ್ಲಿ ಅಷ್ಟು ದೊಡ್ಡದು. ಮನೆಗೆ ಬಂದ ಮುತ್ತೈದೆಯನ್ನು ಮಣೆಯ ಮೇಲೆ ಕೂರಿಸಿ, ಅವಳು ಒಡ್ಡಿದ ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಪ್ಪಸದ ಖಣ ಹಾಕುತ್ತಾರೆ. ಆ ಅಕ್ಕಿಯನ್ನು ಹೊರಗಿನವರಿಗೆ ಕೊಡುವ ಹಾಗಿಲ್ಲ, ಮನೆಯವರೇ ಅಟ್ಟು ಉಣ್ಣಬೇಕು. ಸೆರಗು ಒಡ್ಡಿದವಳು ಬೇಡುವವಳಲ್ಲ, ಹಕ್ಕಿನಿಂದ ಪಡೆಯುವವಳು. ಹದಿನಾರು ವರ್ಷದ ಹುಡುಗಿಗೆ ಇಷ್ಟು ಒಳ್ಳೆಯ ಯೋಚನೆ ಹೊಳೆದದ್ದು ನೋಡಿ ನಾನೂ ಚಪ್ಪಾಳೆಗೆ ಕೈ ಸೇರಿಸಿದೆ.

ಆದರೆ ನನ್ನ ಕಣ್ಣು ಕೊನೆಯ ಬೆಂಚಿನ ಕಡೆ ಹೋಯಿತು. ಹಾಡುವ ಹುಡುಗಿ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮಡಿಚಿದ ತೋಳನ್ನು ಬಿಚ್ಚಿ, ಮತ್ತೆ ಮಡಿಚುತ್ತಿದ್ದಳು. ಉಡಿ ತುಂಬುವುದು ಮುತ್ತೈದೆಗೆ. ಅವಳ ತಾಯಿಗೆ ಗಂಡನಿಲ್ಲ.

ನನಗೂ ಇಲ್ಲ. ಅದಕ್ಕೇ ನನಗೆ ತಕ್ಷಣ ತಿಳಿಯಿತು. ನನ್ನ ಗಂಡ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದವರು, ಡ್ಯೂಟಿ ಮುಗಿಸಿ ಬಂದು ನೀರು ಕೇಳಿದವರು ಕುಡಿಯುವಷ್ಟರಲ್ಲಿ ಹೋದರು. ಆಮೇಲೆ ಶಾಲೆಯಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತು ಆಡಿಲ್ಲ, ಸುಳ್ಳು ಹೇಳಬಾರದು. ಆದರೆ ಶ್ರಾವಣದಲ್ಲಿ ಸ್ಟಾಫ್ ರೂಮಿಗೆ ಅರಿಶಿನ ಕುಂಕುಮದ ತಾಟು ಬರುವ ಹೊತ್ತಿಗೆ ಸರಿಯಾಗಿ ಯಾರಾದರೂ, “ಎಂಟನೇ ಕ್ಲಾಸ್ ಭಾಳ ಗದ್ದಲ ಮಾಡ್ಲಿಕತ್ತದ, ನೀವೇ ಸ್ವಲ್ಪ ನೋಡಿ ಬರ್ತೀರೇನ್ರಿ?” ಅನ್ನುತ್ತಾರೆ. ನಾನು ಹೋಗುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳು ಗಪ್ಪಾಗಿ ಕೂತಿರುತ್ತಾರೆ. ನಾನು ಅವರಿಗೆ ಒಂದು ಪದ್ಯ ಓದಿಸಿ, ತಾಟು ಒಳಗೆ ಹೋಯಿತು ಅನಿಸಿದ ಮೇಲೆ ಮರಳುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಭೇದ ಮಾಡಬೇಡಿ ಎನ್ನುವ ವಚನ ಹೇಳಿಸುವ ಶಾಲೆ ನಮ್ಮದು. ಹನ್ನೊಂದು ಗಂಟೆಗೆ ಮರೆತಿರುತ್ತೇವೆ.

ಸಭೆ ಮುಗಿದ ಮೇಲೆ ಅಧ್ಯಕ್ಷೆಯನ್ನು ಬದಿಗೆ ಕರೆದು ಹೇಳಿದೆ. ಅವಳ ಮುಖ ಇಳಿಯಿತು. “ನಂಗ ಹೊಳೀಲೇ ಇಲ್ರಿ ಟೀಚರ್. ಆಕಿ ಅವ್ವನ್ನೂ ಕೂಡ್ರಸೋಣ್ರಿ, ಯಾರೇನಂತಾರ?” ಅಂದಳು. ಯಾರೇನಂತಾರೆ ಎನ್ನುವುದು ತಿಳಿಯಲು ನಾನು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋದೆ. ಹುಡುಗಿಯರು ಅವರನ್ನು ದೊಡ್ಡ ಮೇಡಂ ಅನ್ನುತ್ತಾರೆ. ಕೆಟ್ಟವರಲ್ಲ. ನೆರೆ ಬಂದ ದಿನ ಸ್ವಂತ ಮನೆಯಲ್ಲಿ ರೊಟ್ಟಿ ಮಾಡಿಸಿ ಗಂಜಿ ಕೇಂದ್ರಕ್ಕೆ ಕಳಿಸಿದವರು.

“ಒಬ್ಬಾಕಿ ಸಲವಾಗಿ ಇಷ್ಟ್ಯಾಕ ಚಿಂತಿ ಮಾಡ್ತೀರಿ?” ಅಂದರು. “ಆಕೀ ಕಿಟ್ ಆಫೀಸ್ ರೂಮಿನ್ಯಾಗ ಕೊಡೋಣು. ಮ್ಯಾಲ ಕರದ್ರ ಆಕೀಗೇ ಬ್ಯಾಸರ ಆಗ್ತದ.”

“ಬ್ಯಾಸರ ಆಕೀಗೆ ಆಗ್ತದೋ, ನಮಗ ಆಗ್ತದೋ ಮೇಡಂ?”

“ಹಂಗ ಮಾತಾಡಬ್ಯಾಡ್ರಿ. ಆಕಿ ಕುಂತ ಮಣಿ ಮ್ಯಾಲ ಆಕಿ ಹಿಂದ ಬರೋರು ಕುಂದರತಾರೇನು? ಅರ್ಧಾ ಮಂದಿ ಎದ್ದು ಹೋಗ್ತಾರ. ಹುಡುಗ್ಯಾರು ಇಷ್ಟು ದುಡದದ್ದು ನೀರಾಗ ಹೋಗ್ತದ. ನಿಮಗ ಗೊತ್ತಿಲ್ದ ಏನದ?”

ಅವರು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ಪೂಜಾರಿಯ ಹಿಂದೆ ಊರಿಗೆ ಊರೇ ನಿಂತಿತ್ತು.

ಹುಡುಗಿಯ ತಾಯಿಯನ್ನೇ ಒಪ್ಪಿಸೋಣ ಎಂದು ಮರುದಿನ ಗಂಜಿ ಕೇಂದ್ರಕ್ಕೆ ಹೋದೆ. ಆಕೆ ಹೊರಗೆ ಕಟ್ಟೆಯ ಮೇಲೆ ಕೂತು, ಹೊಳೆಯ ಕೆಸರು ಮೆತ್ತಿದ್ದ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು “ಬರ್ರಿ ಟೀಚರ್, ಕುಂದ್ರಿ” ಎಂದು ಸೆರಗಿನಿಂದ ಕಟ್ಟೆ ಒರೆಸಿದಳು. ನಾನು ಸುತ್ತಿ ಬಳಸಿ ಮಾತಾಡದೆ, ನೀವೂ ಉಡಿ ತುಂಬಿಸಿಕೊಳ್ಳಬೇಕು ಎಂದೆ. ಆಕೆ ನಕ್ಕಳು. ಕೊಡ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಒಂದ್ ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಯಜಮಾನ್ರು ಹೋದ ಮ್ಯಾಲ ಯಾರರ ನಿಮ್ಮ ಉಡಿ ತುಂಬ್ಯಾರೇನ್ರಿ?”

“ಇಲ್ಲ” ಎಂದೆ.

“ನೌಕರಿ ಇದ್ದೋರು, ನಾಕ ಮಂದಿ ಕೈ ಮುಗಿಯೋರು ನೀವು. ನಿಮಗೇ ಆಗಿಲ್ಲ. ಬ್ಯಾಳಿ ಹಸನ ಮಾಡಾಕಿಗೆ ಆಗ್ತದೇನ್ರಿ?”

ಹುಡುಗಿಯರಿಗೆ ಭಾಷಣ ಕಲಿಸುವ ನಾನು ಕೊಡದ ಕೆಸರನ್ನೇ ನೋಡುತ್ತ ಕೂತೆ. ಆಕೆಯೇ ನನ್ನ ಮೇಲೆ ಕರುಣೆ ತೋರಿಸಿ ಮಾತು ಮುಂದುವರಿಸಿದಳು.

“ಮಗಳ ಪದ ಕೇಳ್ಲಿಕ್ಕ ಬರ್ತೀನ್ರಿ. ಹಿಂದ ಬಾಗಲ ಹಂತೇಲಿ ಕುಂದರತೀನಿ. ಅಕ್ಕಿ ಬ್ಯಾಳಿ ಎಲ್ಲಿ ಕೊಟ್ರೂ ತಗೋತೀನಿ, ಬ್ಯಾಡ ಅನ್ನಾಕ ನಾ ಏನ್ ಸಾವಕಾರ್ತಿ ಏನ್ರಿ? ನನ್ನ ಸಲವಾಗಿ ಉಳದೋರ ಉಡಿ ಕೆಡೋದು ಬ್ಯಾಡ.”

ವಾಡಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ನಾನು ಹೊರಗೇನೂ ನೋಡಲಿಲ್ಲ. ಆಕೆ ಕೇಳಿದ್ದಕ್ಕಿಂತ ಹೆಚ್ಚಾಗಿ, ನಾನು ಇಷ್ಟು ವರ್ಷ ಇದನ್ನು ನನ್ನನ್ನೇ ಕೇಳಿಕೊಂಡಿರಲಿಲ್ಲ ಎನ್ನುವುದು ನನ್ನನ್ನು ಕೊರೆಯಿತು. ಇನ್ನೊಬ್ಬರ ಸೆರಗು ಹಿಡಿದು ಎಳೆಯಲು ಹೊರಟಿದ್ದೆ, ನನ್ನದನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು.

ಕೊನೆಯ ತಾಲೀಮಿನ ದಿನ ಹುಡುಗಿಗೆ ಹೇಳಿದೆ, ನಿನಗೆ ಮನಸ್ಸಿಲ್ಲದಿದ್ದರೆ ಹಾಡಬೇಡ, ಬೇರೆ ಯಾರಿಂದಲಾದರೂ ಹಾಡಿಸೋಣ ಎಂದು. ತನ್ನ ತಾಯಿಯೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಮಂಗಳದ ಪದ ಹಾಡುವುದು ಯಾವ ಮಗಳಿಗೆ ಸುಲಭ? ಅವಳು ಎಂದಿನಂತೆ ನೆಲ ನೋಡಿದಳು.

“ಹಾಡ್ತೀನ್ರಿ ಟೀಚರ್. ಆದ್ರ ಈ ಪದ ಸುರು ಮಾಡಿದ್ರ, ಎಲ್ಲಾರ ಉಡಿ ತುಂಬೋ ತನಕ ನಡುವ ನಿಲ್ಲಸಬಾರದ್ರಿ. ನಮ್ಮ ಆಯಿ ಹೇಳ್ಯಾಳ.”

ಆಯಿ ಅಂದರೆ ಅವಳ ಅಜ್ಜಿ, ಆ ಪದ ಕಲಿಸಿದಾಕೆ. ಅಷ್ಟು ಹೊತ್ತು ಒಂದೇ ಸಮನೆ ಹಾಡಲು ಉಸಿರು ಸಾಲದೇನೋ ಎಂದು ಹುಡುಗಿ ಅಂಜುತ್ತಿದ್ದಾಳೆ ಅಂದುಕೊಂಡು, ನಡುವೆ ಒಂದು ಗುಟುಕು ನೀರು ಕುಡಿ ಎಂದೆ.

ಕಾರ್ಯಕ್ರಮ ಶಾಲೆಯ ಹಾಲ್‌ನಲ್ಲಿ. ಹುಡುಗಿಯರು ಬೆಳಗಿನಿಂದ ಶಹಾಬಾದ್ ಕಲ್ಲಿನ ನೆಲ ತೊಳೆದು, ವೇದಿಕೆಗೆ ತಳಿರು ಕಟ್ಟಿ, ಮಣೆಗೆ ರಂಗೋಲಿ ಹಾಕಿದ್ದರು. ಹೊಳೆ ದಂಡೆಯ ಹೆಂಗಸರು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಹುಡುಗಿ ಮೈಕಿನ ಮುಂದೆ ನಿಂತು ಪದ ಶುರು ಮಾಡಿದಳು. ತವರಿಗೆ ಬಂದ ಮಗಳನ್ನು ಒಬ್ಬೊಬ್ಬರಾಗಿ ಅಣ್ಣ, ಅತ್ತಿಗೆ, ತಾಯಿ ಕರೆಯುವ ಪದ ಅದು. ಒಬ್ಬೊಬ್ಬ ಹೆಂಗಸು ಬಂದು ಮಣೆಯ ಮೇಲೆ ಕೂತು ಸೆರಗು ಒಡ್ಡುತ್ತಿದ್ದಳು, ಅಧ್ಯಕ್ಷೆ ಮತ್ತು ಅವಳ ಗೆಳತಿಯರು ಉಡಿ ತುಂಬಿ, ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಕೆಲವರು ಅಳುತ್ತಿದ್ದರು. ಒಬ್ಬ ಮುದುಕಿ ಅಧ್ಯಕ್ಷೆಯ ಗಲ್ಲ ಹಿಡಿದು ಲಟಿಕೆ ಮುರಿದಳು. ಎಲ್ಲ ಚೆಂದವೇ ಇತ್ತು, ಹಿಂದೆ ಬಾಗಿಲ ಬಳಿ ತಲೆಯ ಮೇಲೆ ಸೆರಗು ಹೊದ್ದು ಗೋಡೆಗೆ ಆತು ಕೂತಿದ್ದ ಆ ಒಬ್ಬಳ ಕಡೆ ನೋಡದಿದ್ದರೆ ಸಾಕಿತ್ತು.

ಕೊನೆಯ ಹೆಂಗಸೂ ಉಡಿ ಕಟ್ಟಿಕೊಂಡು ಇಳಿದಳು. ಅಧ್ಯಕ್ಷೆ ತಾಟು ಕೆಳಗಿಟ್ಟಳು. ಪದ ನಿಲ್ಲಲಿಲ್ಲ.

ಹುಡುಗಿ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಜನ ಮೊದಲು ಖುಷಿಯಿಂದಲೇ ಕೇಳಿದರು. ಎರಡನೇ ಸಲ ಮುಗಿದು ಮೂರನೇ ಸಲ ಶುರುವಾದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಮೇಡಂ ಕೈ ಸನ್ನೆ ಮಾಡಿದರು. ಅತಿಥಿಗಳು ವಾಚು ನೋಡಿಕೊಂಡರು. ಹುಡುಗಿ ಯಾರನ್ನೂ ನೋಡುತ್ತಿರಲಿಲ್ಲ, ಬಾಗಿಲ ಕಡೆಗಷ್ಟೇ ನೋಡುತ್ತಿದ್ದಳು. ಅವಳ ಧ್ವನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದಾಗ ಬರೀ ಗಾಳಿ ಬರುತ್ತಿತ್ತು. ಆಗ ನನಗೆ ತಾಲೀಮಿನ ದಿನ ಅವಳು ಹೇಳಿದ್ದು ಅರ್ಥವಾಯಿತು. ಎಲ್ಲರ ಉಡಿ ತುಂಬಿರಲಿಲ್ಲ, ಅದಕ್ಕೇ ಅವಳು ನಿಲ್ಲಿಸುತ್ತಿರಲಿಲ್ಲ.

ನಾನು ಧೈರ್ಯವಂತೆಯಲ್ಲ. ಆ ಧ್ವನಿಯನ್ನು ಇನ್ನೊಂದು ಗಳಿಗೆ ಕೇಳುವುದು ನನ್ನಿಂದಾಗಲಿಲ್ಲ, ಅಷ್ಟೇ. ಎದ್ದು ವೇದಿಕೆ ಹತ್ತಿ, ಮಣೆಯ ಮೇಲೆ ಕೂತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಒಡ್ಡಿದೆ. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷೆ ದೊಡ್ಡ ಮೇಡಂ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು, ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅಧ್ಯಕ್ಷೆಯೇ ತಾಟು ಎತ್ತಿಕೊಂಡು ಬಂದು ಅವಸರದಲ್ಲಿ ಬೊಗಸೆ ತುಂಬ ಅಕ್ಕಿ ಹಾಕಿದಳು. ಅರ್ಧ ಕೆಳಗೆ ಚೆಲ್ಲಿತು. ಕೊಬ್ಬರಿ ಹಾಕಿದಳು, ಖಣ ಇಟ್ಟಳು. ಗೆದ್ದೆ ಅಂತ ನನಗೆ ಅನಿಸಲಿಲ್ಲ. ಮಡಿಲಲ್ಲಿ ಅಕ್ಕಿಯ ಭಾರ ಬಿದ್ದಾಗ, ಇದು ನನಗೆ ಎಷ್ಟು ಬೇಕಾಗಿತ್ತು ಎಂದು ತಿಳಿದು ನಾಚಿಕೆಯಾಯಿತು, ಅಳು ಬಂತು.

ಉಡಿ ಹಿಡಿದುಕೊಂಡೇ ಎದ್ದು, ಮಣೆ ಬಿಟ್ಟು ಸರಿದು ನಿಂತು, ಬಾಗಿಲ ಕಡೆ ನೋಡಿದೆ. ಹುಡುಗಿಯೂ ನೋಡುತ್ತಿದ್ದಳು, ಹಾಡುತ್ತಲೇ. ತಾಯಿ ಎದ್ದಳು. ಜನ ಕಾಲು ಮಡಿಚಿ ದಾರಿ ಬಿಟ್ಟರು. ನಿಧಾನವಾಗಿ ನಡೆದು ಬಂದು ಮೆಟ್ಟಿಲು ಹತ್ತಿದಳು. ಅಧ್ಯಕ್ಷೆ ತಾಟು ಹಿಡಿದು ತಯಾರಾದಳು. ಆಕೆ ಮಣೆಯನ್ನು ಬಳಸಿ ಹೋಗಿ, ಮಗಳ ಬಾಯಿಯ ಮೇಲೆ ಅಂಗೈ ಇಟ್ಟಳು.

“ಸಾಕವ್ವಾ. ಗಂಟಲಾ ಹರೀತದ.”

ಪದ ನಿಂತಿತು. ಆಕೆ ನನ್ನ ಮಡಿಲು ನೋಡಿ, “ನಿಮಗ ತುಂಬಿದ್ರಲ್ರಿ, ಛಲೋ ಆತು” ಅಂದು ಮಗಳ ಕೈ ಹಿಡಿದಳು. “ನಡಿ ಮನಿಗೆ.” ಯಾವ ಮನೆಗೆ ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಇಬ್ಬರೂ ಇಳಿದು ಹೋದರು. ನಾವು ಉಳಿದವರು ಎದ್ದು ನಿಂತು ರಾಷ್ಟ್ರಗೀತೆ ಹಾಡಿದೆವು.

ನಾನು ಸೆರಗು ಒಡ್ಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಗೆಲ್ಲ ಸ್ಟಾಫ್ ಗುಂಪಿನಲ್ಲಿ ಬಂತು. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು, ಉಳಿದವರು ಏನೂ ಹಾಕಲಿಲ್ಲ. ಯಾರೂ ಕೆಟ್ಟ ಮಾತು ಆಡಲಿಲ್ಲ, ಈ ಸಲವೂ. ಆದರೆ ನನಗೆ ಬೇಕಾಗಿದ್ದ ಮಾತೂ ಯಾರೂ ಆಡಲಿಲ್ಲ. ಅಧ್ಯಕ್ಷೆ ಮಾತ್ರ ಬಂದು, “ಟೀಚರ್, ನಾ ಛಲೋ ಮಾಡಬೇಕಂತನೇ ಹೇಳಿದ್ದೆ” ಎಂದು ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರಿದೆ. ಹಾಡುವ ಹುಡುಗಿ ಆ ವಾರ ಶಾಲೆಗೆ ಬರಲೇ ಇಲ್ಲ.

ಭಾನುವಾರ ಅವರ ಊರಿಗೆ ಹೋದೆ. ತಾಯಿ ಮಗಳು ಗಂಜಿ ಕೇಂದ್ರ ಬಿಟ್ಟು ಮನೆಗೆ ಮರಳಿದ್ದರು. ಬಿದ್ದ ಗೋಡೆಯ ಜಾಗಕ್ಕೆ ತಾಡಪತ್ರಿ ಕಟ್ಟಿತ್ತು, ಒಲೆ ಹೊಸದಾಗಿ ಹಾಕಿದ್ದರು. ಆಫೀಸ್ ರೂಮಿನಿಂದ ಒಯ್ದಿದ್ದ ಕಿಟ್ ಮೂಲೆಯಲ್ಲಿತ್ತು. ಹುಡುಗಿ ನನ್ನನ್ನು ನೋಡಿ ಏನೋ ಅಂದಳು, ಧ್ವನಿ ಹೊರಡಲಿಲ್ಲ. ಕಷಾಯ ಕುಡಿಸುತ್ತಿದ್ದೇನೆ ಎಂದು ತಾಯಿ ಹೇಳಿ, ನನ್ನ ಕಡೆ ತಿರುಗಿ ಕೇಳಿದಳು.

“ಉಡಿ ಅಕ್ಕಿ ಅಟ್ಟು ಉಂಡ್ರೇನ್ರಿ?”

“ಇಲ್ಲ. ಗಂಟು ಹಂಗೇ ಅದ.” ಗಂಟು ನನ್ನ ಕೈಚೀಲದಲ್ಲೇ ಇತ್ತು. ಯಾಕೆ ತಂದಿದ್ದೆನೋ ನನಗೇ ಗೊತ್ತಿರಲಿಲ್ಲ.

“ಯಾಕ್ರಿ?”

“ಮನೀ ಮಂದಿ ಉಣ್ಣಬೇಕಂತಾರ. ನನ್ನ ಮನ್ಯಾಗ ನಾ ಒಬ್ಬಾಕೀನೇ.”

ಆಕೆ ನನ್ನ ಚೀಲದ ಕಡೆ ನೋಡಿದಳು. ಬಾಗಿಲ ಆಚೆ ಪಕ್ಕದ ಮನೆಯ ಹೆಂಗಸರು ಕೂತಿದ್ದರು, ಅವರ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿದಳು.

“ತರ್ರಿ ಇಲ್ಲಿ. ಉಡಿ ಹಿಡಿಯೋ ಧೈರ್ಯ ನನಗಿಲ್ರಿ ಟೀಚರ್. ಉಣ್ಣೋ ಧೈರ್ಯ ಅದ.”

ಗಂಟು ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು, ಅಭ್ಯಾಸಬಲದಿಂದ ಹಸನು ಮಾಡಿದಳು. ತಿಕ್ಕಿಟ್ಟಿದ್ದ ಕೊಡದಿಂದ ನೀರು ಬಗ್ಗಿಸಿ, ಬೆಲ್ಲ ಹಾಕಿ, ಕೊಬ್ಬರಿ ತುರಿದು ಹುಗ್ಗಿ ಮಾಡಿದಳು. ಬಾಗಿಲು ಮುಂದೆ ಮಾಡಲಿಲ್ಲ. ಮೂವರೂ ಒಲೆಯ ಮುಂದೆ ಕೂತು ಉಂಡೆವು. ಹುಡುಗಿ ತಾಟು ಖಾಲಿ ಮಾಡಿ, ಇನ್ನಷ್ಟು ಬೇಕೆಂದು ತಾಯಿಯ ಮುಂದೆ ಹಿಡಿದಳು. ಬಾಯಿಬಿಟ್ಟು ಕೇಳಲು ಅವಳಿಗೆ ಇನ್ನೂ ಧ್ವನಿ ಬಂದಿರಲಿಲ್ಲ.